ನೆಟ್ ನಿಧಾನವಾದರೆ ಮಗನನ್ನು ಗದರಿಸುವ ಮೊದಲು

ಗಲ್ಫ್‌ನಲ್ಲಿ ಪತಿ ದುಡಿಯುತ್ತಿರುವ ಸಹೋದರಿಯೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ: “ನಮ್ಮ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ. ಪ್ರತಿದಿನ ರಾತ್ರಿ ಇಶಾ ನಂತರ ಯಜಮಾನರು ಜುಬೈಲ್‌ನಿಂದ ಅತ್ತೆಯವರ ಫೋನಿಗೆ ವಿಡಿಯೋ ಕರೆ ಮಾಡುತ್ತಾರೆ. ಮೂರು ವಾರಗಳಿಂದ ಕರೆ ಸರಿಯಾಗಿ ಬರುತ್ತಿಲ್ಲ. ಅವರ ಮುಖ ನಮಗೆ ಕಾಣುತ್ತದೆ, ಆದರೆ ನಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ. ಕೇಳಿದರೂ ತಡವಾಗಿ ಕೇಳುತ್ತದೆ. ಒಂಬತ್ತನೇ ತರಗತಿಯಲ್ಲಿರುವ ಮಗ ಕದ್ದುಮುಚ್ಚಿ ಸಿನಿಮಾ ಇಳಿಸುತ್ತಿದ್ದಾನೆ ಎಂದು ಅತ್ತೆಯವರು ಹೇಳುತ್ತಾರೆ. ಅವನ ಫೋನ್ ಕಸಿದು ಕಪಾಟಿನಲ್ಲಿಟ್ಟೆವು. ಆದರೂ ಸರಿಯಾಗಲಿಲ್ಲ. ಈಗ ಅವನು ಅಜ್ಜಿಯೊಂದಿಗೆ ಮಾತು ಬಿಟ್ಟಿದ್ದಾನೆ. ಮೈದುನ ಮದುವೆಯ ವಿಡಿಯೋಗಳನ್ನು ಎಡಿಟ್ ಮಾಡಿ ಗಿರಾಕಿಗಳಿಗೆ ಕಳಿಸುವ ಕೆಲಸ ಮಾಡುತ್ತಾನೆ. ಹೆಚ್ಚಿನ ಪ್ಲಾನ್ ಹಾಕಿಸಿದರೆ ಸರಿಯಾಗಬಹುದು ಎಂಬುದು ಅವನ ಅಭಿಪ್ರಾಯ. ಪರೀಕ್ಷೆ ಮಾಡಿ ನೋಡಿದರೆ ಡೌನ್‌ಲೋಡ್ 40, ಅಪ್‌ಲೋಡ್ 5 ಎಂದು ತೋರಿಸುತ್ತದೆ. ಕಳೆದ ತಿಂಗಳು ಯಜಮಾನರು ನನಗೆ ಹೊಸ ಫೋನ್ ಕಳಿಸಿದ್ದಾರೆ. ಅದರಲ್ಲೂ ಹೀಗೆಯೇ. ಏನು ಮಾಡಲಿ?”

ಸಹೋದರಿ, ಹೆಚ್ಚಿನ ಪ್ಲಾನ್ ಹಾಕಿಸುವ ಅವಸರ ಮಾಡಬೇಡಿ. ಮಗನ ಫೋನನ್ನು ಕಪಾಟಿನಿಂದ ತೆಗೆದು ಅವನಿಗೆ ಕೊಡಿ. ಫೋನ್ ಕಸಿದ ಮೇಲೂ ತೊಂದರೆ ಮುಂದುವರಿದಿದೆ ಎಂದಾದರೆ ಕಾರಣ ಬೇರೆಲ್ಲೋ ಇದೆ ಎಂದರ್ಥ. ನಿಮ್ಮ ಪತ್ರದಲ್ಲಿಯೇ ಅದರ ಎರಡು ಸುಳಿವುಗಳಿವೆ. ಒಂದು, ಅಪ್‌ಲೋಡ್ 5 ಎಂಬ ಅಂಕಿ. ಇನ್ನೊಂದು, ಕೊನೆಯಲ್ಲಿ ನೀವು ಬರೆದ ಹೊಸ ಫೋನಿನ ವಿಷಯ. ಈ ತೊಂದರೆ ಬಹಳಷ್ಟು ಮನೆಗಳಲ್ಲಿ ಇರುವುದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಬರುವ ದಾರಿ, ಹೋಗುವ ದಾರಿ

ಮನೆಯ ಇಂಟರ್‌ನೆಟ್‌ಗೆ ಎರಡು ದಾರಿಗಳಿವೆ. ಹೊರಗಿನಿಂದ ನಮ್ಮಲ್ಲಿಗೆ ಬರುವುದು ಡೌನ್‌ಲೋಡ್, ನಮ್ಮಿಂದ ಹೊರಗೆ ಹೋಗುವುದು ಅಪ್‌ಲೋಡ್. ಕಂಪೆನಿಯವರು ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹೇಳುವುದು ಸಾಮಾನ್ಯವಾಗಿ ಬರುವ ದಾರಿಯ ಅಗಲವನ್ನು ಮಾತ್ರ. ಕೆಲವು ಫೈಬರ್ ಪ್ಲಾನ್‌ಗಳಲ್ಲಿ ಎರಡೂ ದಾರಿಗಳು ಒಂದೇ ಅಗಲ ಇರುತ್ತವೆ. ಬೇರೆ ಕೆಲವು ಸಂಪರ್ಕಗಳಲ್ಲಿ ಹೋಗುವ ದಾರಿ ಬಹಳ ಕಿರಿದು. ಹಿಂದೆ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದ ಬ್ರಾಡ್‌ಬ್ಯಾಂಡ್‌ನ ಹೆಸರಿನಲ್ಲಿಯೇ ಈ ಅಸಮಾನತೆ ಇತ್ತು. ‘ಎಡಿಎಸ್ಎಲ್’ ಎಂಬುದರ ಮೊದಲ ಅಕ್ಷರದ ಅರ್ಥವೇ ‘ಅಸಮ’ ಎಂದು. ನಿಮ್ಮ ಮನೆಯಲ್ಲಿ ಬರುವ ದಾರಿ 40 ಎಂಬಿಪಿಎಸ್ ಇದ್ದರೆ ಹೋಗುವ ದಾರಿ ಅದರ ಎಂಟನೇ ಒಂದು ಭಾಗ ಮಾತ್ರ.

ಇಲ್ಲಿ ಇನ್ನೊಂದು ಸಣ್ಣ ಲೆಕ್ಕವನ್ನು ತಿಳಿದಿರಬೇಕು. ವೇಗವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ, ಫೈಲನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಬೈಟ್ ಎಂದರೆ 8 ಬಿಟ್‌ಗಳು. ಆದುದರಿಂದ 5 ಎಂಬಿಪಿಎಸ್ ವೇಗದಲ್ಲಿ ಒಂದು ಸೆಕೆಂಡಿಗೆ 5 ಎಂಬಿ ಹೋಗುವುದಿಲ್ಲ, ಮುಕ್ಕಾಲು ಎಂಬಿಯನ್ನೂ ಮುಟ್ಟುವುದಿಲ್ಲ. ನಿಮ್ಮ ಮೈದುನ 2 ಜಿಬಿಯ ಒಂದು ಮದುವೆ ವಿಡಿಯೋ ಕಳಿಸಿದರೆ ಅದು 16,000 ಮೆಗಾಬಿಟ್ ಆಯಿತು. ಅದು ಪೂರ್ತಿ ಹೋಗಲು 3,200 ಸೆಕೆಂಡು, ಅಂದರೆ ಸುಮಾರು 53 ನಿಮಿಷ ಬೇಕು. ಅಷ್ಟು ಹೊತ್ತು ಹೋಗುವ ದಾರಿ ತುಂಬಿಯೇ ಇರುತ್ತದೆ.

ಪತಿಯ ಮುಖ ನಿಮಗೆ ಕಾಣುವುದು, ಆದರೆ ನಿಮ್ಮ ಮಾತು ಅವರಿಗೆ ಕೇಳಿಸದಿರುವುದು ಯಾಕೆ ಎಂಬುದು ಈಗ ಅರ್ಥವಾಗಿರಬಹುದು. ಅವರ ಮುಖ ಬರುವುದು ಅಗಲವಾದ ದಾರಿಯಲ್ಲಿ. ನಿಮ್ಮ ಧ್ವನಿ ಹೋಗಬೇಕಾದುದು ಕಿರಿದಾದ ದಾರಿಯಲ್ಲಿ.

ರೂಟರ್ ಒಳಗಿನ ಸರದಿ ಸಾಲು

ದಾರಿ ತುಂಬಿದಾಗ ಏನಾಗುತ್ತದೆ? ಪೋಸ್ಟ್ ಆಫೀಸಿನಲ್ಲಿ ನೀವು ಒಂದೇ ಒಂದು ಪತ್ರ ಹಿಡಿದು ನಿಂತಿದ್ದೀರಿ. ನಿಮ್ಮ ಮುಂದೆ ಇರುವವನು ನೂರು ಪಾರ್ಸೆಲ್ ತಂದಿದ್ದಾನೆ. ನಿಮ್ಮ ಕೆಲಸ ಅರ್ಧ ನಿಮಿಷದ್ದು. ಆದರೂ ಆ ನೂರು ಪಾರ್ಸೆಲ್ ಮುಗಿಯುವವರೆಗೆ ನೀವು ಕಾಯಲೇಬೇಕು. ರೂಟರ್‌ನ ಒಳಗೂ ಹೀಗೆಯೇ ಒಂದು ಸಾಲು ಇರುತ್ತದೆ. ಹೊರಗೆ ಹೋಗಲು ಜಾಗ ಸಿಗದ ಮಾಹಿತಿಯ ತುಣುಕುಗಳನ್ನು ಅದು ತನ್ನ ನೆನಪಿನಲ್ಲಿ ಸಾಲಾಗಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಬಫರ್ ಎನ್ನುತ್ತಾರೆ.

ಆ ಸಾಲಿನಲ್ಲಿ ಕೇವಲ 1 ಎಂಬಿ ಮಾಹಿತಿ ನಿಂತಿದೆ ಎಂದುಕೊಳ್ಳಿ. 5 ಎಂಬಿಪಿಎಸ್ ದಾರಿಯಲ್ಲಿ ಅದು ಖಾಲಿಯಾಗಲು 1.6 ಸೆಕೆಂಡು ಬೇಕು. ಅಂದರೆ ನೀವು ಹೇಳಿದ ಸಲಾಂ ಮನೆಯಿಂದ ಹೊರಡುವುದಕ್ಕೇ 1,600 ಮಿಲಿಸೆಕೆಂಡು ಕಾಯಬೇಕು. ಇಬ್ಬರ ಸಂಭಾಷಣೆ ಸಹಜವಾಗಿರಬೇಕಾದರೆ ಮಾತು ಒಂದು ಬದಿಯಿಂದ ಇನ್ನೊಂದು ಬದಿಗೆ 150 ಮಿಲಿಸೆಕೆಂಡಿನೊಳಗೆ ತಲುಪುವುದು ಒಳ್ಳೆಯದು, 400 ಮೀರಬಾರದು ಎಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಹೀಗಿರುವಾಗ 1,600 ಎಂದರೆ ಮಾತುಕತೆ ಹೇಗೆ ಸಾಧ್ಯ? ಅವರು ಉತ್ತರಿಸಲಿಲ್ಲ ಎಂದು ನೀವು ಮತ್ತೆ ಮಾತಾಡುತ್ತೀರಿ, ಅಷ್ಟರಲ್ಲಿ ಅವರ ಉತ್ತರ ಬರುತ್ತದೆ, ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಹೋಗುವ ದಾರಿ ಕಟ್ಟಿದರೆ ಬರುವುದೂ ನಿಧಾನವಾಗುತ್ತದೆ. ಏಕೆಂದರೆ ನಾವು ಏನನ್ನಾದರೂ ಇಳಿಸಿಕೊಳ್ಳುವಾಗ ನಮ್ಮ ಯಂತ್ರವು “ಇಷ್ಟು ತಲುಪಿತು, ಮುಂದಿನದನ್ನು ಕಳಿಸು” ಎಂದು ಆಗಾಗ ರಸೀದಿ ಕಳಿಸುತ್ತಿರಬೇಕು. ಆ ರಸೀದಿಯೂ ಅದೇ ಸಾಲಿನಲ್ಲಿ ನಿಲ್ಲುತ್ತದೆ. ಆಗ ಮನೆಮಂದಿಗೆಲ್ಲ “ನೆಟ್ಟೇ ಇಲ್ಲ” ಎಂಬಂತೆ ತೋರುತ್ತದೆ.

ಇದು ಹೊಸ ರೋಗವಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೇವಲ 400 ಗಜ ದೂರದ ಎರಡು ಸಂಸ್ಥೆಗಳ ನಡುವಿನ ವೇಗವು ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಾರಣ ಹುಡುಕಿದ ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ, ಕಳಿಸುವ ಯಂತ್ರಗಳು ದಟ್ಟಣೆಯನ್ನು ಗಮನಿಸಿ ತಾವೇ ವೇಗ ತಗ್ಗಿಸಬೇಕು ಎಂಬ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. ಮುಂದೆ ನೆನಪಿನ ಚಿಪ್ ಅಗ್ಗವಾದಾಗ ರೂಟರ್‌ಗಳಲ್ಲಿ ಬಹಳ ಉದ್ದದ ಸಾಲಿಗೆ ಜಾಗ ಮಾಡಿಕೊಡಲಾಯಿತು. ಸಾಲು ಉದ್ದವಿದ್ದಷ್ಟು ದಟ್ಟಣೆಯ ಸುದ್ದಿ ಕಳಿಸುವ ಯಂತ್ರಕ್ಕೆ ತಡವಾಗಿ ತಿಳಿಯುತ್ತದೆ. ಅಷ್ಟರಲ್ಲಿ ಕಾಯುವವರು ಹೆಚ್ಚಾಗಿರುತ್ತಾರೆ. ಜಿಮ್ ಗೆಟಿಸ್ ಎಂಬ ತಂತ್ರಜ್ಞರು ತಮ್ಮ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುವಾಗ ಇದನ್ನು ಗಮನಿಸಿ ಇದಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರು ಪ್ರಚಲಿತವಾಗುವಂತೆ ಮಾಡಿದರು. ಸಾಲಿನ ಊತ ಎನ್ನಬಹುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಎಂಬ ಮಹಿಳೆ ಮತ್ತು ಅದೇ ಜೇಕಬ್‌ಸನ್ ಸೇರಿ ಇದಕ್ಕೊಂದು ಮದ್ದನ್ನೂ ಪ್ರಕಟಿಸಿದರು. ಇಂದು ಹಲವು ಒಳ್ಳೆಯ ರೂಟರ್‌ಗಳಲ್ಲಿ ಆ ಮದ್ದು ಇದೆ. ಎಲ್ಲದರಲ್ಲೂ ಇಲ್ಲ.

ನಿಜವಾದ ಕಾರಣವನ್ನು ಹೀಗೆ ಹುಡುಕಿ

ಗುಮಾನಿಯಿಂದ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವುದು ಬೇಡ. ಅರ್ಧ ಗಂಟೆಯ ಪರೀಕ್ಷೆ ಸಾಕು. ಮೈದುನನನ್ನೂ ಮಗನನ್ನೂ ಜೊತೆಗೆ ಕುಳ್ಳಿರಿಸಿಕೊಂಡೇ ಮಾಡಿ.

ಮೊದಲು ಮನೆಯ ಎಲ್ಲ ಫೋನ್, ಲ್ಯಾಪ್‌ಟಾಪ್, ಟಿವಿ, ಕ್ಯಾಮರಾಗಳ ವೈಫೈ ಆಫ್ ಮಾಡಿ. ಒಂದೇ ಫೋನಿನಲ್ಲಿ ವೈಫೈ ಇರಲಿ. ಅದನ್ನು ರೂಟರ್ ಇರುವ ಕೋಣೆಗೆ ಕೊಂಡೊಯ್ಯಿರಿ. ಬ್ರೌಸರ್‌ನಲ್ಲಿ ಫಾಸ್ಟ್ ಡಾಟ್ ಕಾಮ್ ತೆರೆದು ಹೆಚ್ಚಿನ ಮಾಹಿತಿ ತೋರಿಸುವ ಗುಂಡಿಯನ್ನು ಒತ್ತಿ. ಅಲ್ಲಿ ಅಪ್‌ಲೋಡ್ ವೇಗವೂ ‘ಲೇಟೆನ್ಸಿ’ ಎಂಬ ಹೆಸರಿನಲ್ಲಿ ಎರಡು ಅಂಕಿಗಳೂ ಕಾಣುತ್ತವೆ. ‘ಅನ್‌ಲೋಡೆಡ್’ ಎಂದರೆ ದಾರಿ ಖಾಲಿ ಇದ್ದಾಗಿನ ತಡ. ‘ಲೋಡೆಡ್’ ಎಂದರೆ ದಾರಿ ತುಂಬಿದಾಗಿನ ತಡ. ಮೊದಲನೆಯದು 20 ಇದ್ದು ಎರಡನೆಯದು 60 ಆದರೆ ಚಿಂತೆಯಿಲ್ಲ. 20 ಇದ್ದುದು 600, 800 ಎಂದು ಏರಿದರೆ ನಿಮ್ಮ ರೂಟರ್‌ಗೆ ಸಾಲಿನ ಊತದ ರೋಗ ಇದೆ ಎಂದೇ ತಿಳಿಯಿರಿ.

ನಂತರ ಒಂದೊಂದೇ ಯಂತ್ರದ ವೈಫೈ ಆನ್ ಮಾಡುತ್ತಾ ಬನ್ನಿ. ಪ್ರತಿಯೊಂದಕ್ಕೂ ಐದು ನಿಮಿಷ ಕಾಯಿರಿ, ಆಮೇಲೆ ಮತ್ತೆ ಪರೀಕ್ಷಿಸಿ. ಯಾವ ಯಂತ್ರ ಸೇರಿದಾಗ ಅಪ್‌ಲೋಡ್ ಅಂಕಿ ಬಿದ್ದು ತಡದ ಅಂಕಿ ಏರುತ್ತದೆಯೋ ಅದೇ ಕಾರಣ.

ಸಹೋದರಿ, ನಿಮ್ಮ ಹೊಸ ಫೋನನ್ನು ಮೊದಲು ಪರೀಕ್ಷಿಸಿ. ಹಳೆಯ ಫೋನಿನ ಎಲ್ಲ ಫೋಟೋ, ವಿಡಿಯೋಗಳನ್ನು ಅದಕ್ಕೆ ವರ್ಗಾಯಿಸಿರುತ್ತೀರಿ. ಹೊಸ ಫೋನ್ ಆರಂಭಿಸುವಾಗ “ಬ್ಯಾಕಪ್ ಮಾಡಲೇ?” ಎಂದು ಕೇಳಿದ್ದಕ್ಕೆ ಹೌದು ಎಂದು ಒತ್ತಿದ್ದರೆ, ಫೋನ್ ವೈಫೈ ಸಿಕ್ಕಿದಾಗಲೆಲ್ಲ ಅವುಗಳನ್ನು ಹೊರಗೆ ಕಳಿಸುತ್ತಿರುತ್ತದೆ. 12 ಜಿಬಿ ಇದ್ದರೆ 5 ಎಂಬಿಪಿಎಸ್ ದಾರಿಯಲ್ಲಿ ಬಿಡುವಿಲ್ಲದೆ 5 ಗಂಟೆ 20 ನಿಮಿಷ ಬೇಕು. ಮೈದುನನ ವಿಡಿಯೋವೂ ಅದೇ ದಾರಿಯಲ್ಲಿ ಹೋಗುತ್ತದೆ, ನೀವು ಪ್ರತಿದಿನ ಹೊಸ ವಿಡಿಯೋಗಳನ್ನು ಸೇರಿಸುತ್ತೀರಿ. ಹೀಗೆ ಅದು ವಾರಗಟ್ಟಲೆ ಎಳೆಯಬಹುದು. ಅತ್ತೆಯವರ ಫೋನಿಗೆ ಕರೆ ಬರುವ ಹೊತ್ತಿಗೆ ನೀವು ನಿಮ್ಮ ಫೋನನ್ನು ಚಾರ್ಜಿಗೆ ಇಟ್ಟು ಪಕ್ಕದಲ್ಲಿ ಕುಳಿತಿರುತ್ತೀರಿ. ಯಾರೂ ಮುಟ್ಟದೆ ಸುಮ್ಮನೆ ಬಿದ್ದಿರುವ ಆ ಫೋನಿನ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ!

ಬೇರೆ ಕಾರಣಗಳೂ ಇರಬಹುದು

ವಾಟ್ಸ್ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ ವಿಡಿಯೋಗಳನ್ನೂ ಸೇರಿಸಿದ್ದರೆ ಅದು ಹಲವು ಜಿಬಿ ಆಗಬಹುದು. ಅಂಗಳಕ್ಕೆ ಹಾಕಿದ ಕ್ಯಾಮರಾ ದೃಶ್ಯಗಳನ್ನು ಕಂಪೆನಿಯ ಸರ್ವರ್‌ಗೆ ಕಳಿಸುವ ಬಗೆಯದ್ದಾದರೆ ಅದಕ್ಕೂ ಬೇಕಾದುದು ಹೋಗುವ ದಾರಿಯೇ.

ಟೊರೆಂಟ್ ಬಗ್ಗೆಯೂ ತಿಳಿದಿರಲಿ. ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಫೈಲ್ ಒಂದೇ ಕಡೆಯಿಂದ ಬರುವುದಿಲ್ಲ. ನೂರಾರು ಜನರ ಯಂತ್ರಗಳಿಂದ ತುಣುಕು ತುಣುಕಾಗಿ ಬರುತ್ತದೆ. ಹಾಗೆಯೇ ನಮ್ಮಲ್ಲಿರುವ ತುಣುಕುಗಳು ಅವರಿಗೆ ಹೋಗುತ್ತಿರುತ್ತವೆ. “ನಾನು ಇಳಿಸುತ್ತಿದ್ದೇನೆ ಅಷ್ಟೇ, ಕಳಿಸುತ್ತಿಲ್ಲ” ಎಂದು ಮಕ್ಕಳು ಹೇಳಿದರೆ ಅದು ಅವರ ತಿಳುವಳಿಕೆಯ ಕೊರತೆ. ಇಳಿಸುವುದು ಮುಗಿದ ಮೇಲೂ ಆ ಪ್ರೋಗ್ರಾಮನ್ನು ಮುಚ್ಚದಿದ್ದರೆ ಕಳಿಸುವುದು ನಡೆಯುತ್ತಲೇ ಇರುತ್ತದೆ. ಟೊರೆಂಟ್‌ನಿಂದ ಇನ್ನೊಂದು ತೊಂದರೆಯೂ ಇದೆ. ಮನೆಯ ಯಾವ ಯಂತ್ರ ಹೊರಗಿನ ಯಾರೊಂದಿಗೆ ಮಾತಾಡುತ್ತಿದೆ ಎಂಬುದನ್ನು ರೂಟರ್ ಒಂದು ಹಾಜರಿ ಪುಸ್ತಕದಂತೆ ಬರೆದಿಟ್ಟುಕೊಳ್ಳಬೇಕು. ಹಳೆಯ, ಅಗ್ಗದ ರೂಟರ್‌ಗಳಲ್ಲಿ ಆ ಪುಸ್ತಕದ ಪುಟಗಳು ಕಡಿಮೆ. ನೂರಾರು ಸಂಪರ್ಕಗಳು ಒಮ್ಮೆಲೇ ಬಂದರೆ ಪುಟ ತುಂಬಿ ಹೊಸಬರಿಗೆ ಜಾಗವೇ ಇರುವುದಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುವುದು, ಒಂದೆರಡು ಗಂಟೆಯಲ್ಲಿ ಮತ್ತೆ ಕೆಡುವುದು ಇದರ ಲಕ್ಷಣ. ಟೊರೆಂಟ್ ಸ್ವತಃ ಅಪರಾಧವಲ್ಲ, ಉಚಿತ ಸಾಫ್ಟ್‌ವೇರ್‌ಗಳನ್ನು ಹಂಚಲು ಅದನ್ನು ಬಳಸುತ್ತಾರೆ. ಆದರೆ ಹಕ್ಕುದಾರರ ಅನುಮತಿಯಿಲ್ಲದೆ ಸಿನಿಮಾ ಹಂಚುವುದು 1957ರ ಹಕ್ಕುಸ್ವಾಮ್ಯ ಕಾಯ್ದೆಗೆ ವಿರುದ್ಧ ಎಂಬುದನ್ನು ಮಕ್ಕಳಿಗೆ ತಿಳಿಸಿ ಹೇಳಬೇಕು.

ಮನೆಯೊಳಗೇ ಫೈಲ್ ವರ್ಗಾಯಿಸುವಾಗಲೂ ನೆಟ್ ನಿಧಾನವಾಗುವುದುಂಟು. ಫೋನಿನಿಂದ ಲ್ಯಾಪ್‌ಟಾಪ್‌ಗೆ ರೂಟರ್ ಮೂಲಕ ವೈಫೈಯಲ್ಲಿ ಕಳಿಸಿದರೆ ಆ ಫೈಲ್ ಗಾಳಿಯಲ್ಲಿ ಎರಡು ಬಾರಿ ಪ್ರಯಾಣ ಮಾಡುತ್ತದೆ. ಮೊದಲು ಫೋನಿನಿಂದ ರೂಟರ್‌ಗೆ, ನಂತರ ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ. ವೈಫೈಯ ಒಂದು ಚಾನೆಲ್‌ನಲ್ಲಿ ಸಾಮಾನ್ಯವಾಗಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಇದಕ್ಕೂ ಕಂಪೆನಿಯ ಪ್ಲಾನ್‌ಗೂ ಯಾವ ಸಂಬಂಧವೂ ಇಲ್ಲ. ದೊಡ್ಡ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಅಥವಾ ಕೇಬಲ್‌ನಲ್ಲಿ ವರ್ಗಾಯಿಸಿದರಾಯಿತು.

ಖರ್ಚಿಲ್ಲದ ಪರಿಹಾರಗಳು

1. ಗೂಗಲ್ ಫೋಟೋಸ್ ಆ್ಯಪ್ ತೆರೆದು ಮೇಲೆ ಮೂಲೆಯಲ್ಲಿರುವ ನಿಮ್ಮ ಚಿಹ್ನೆಯನ್ನು ಒತ್ತಿ. ಬ್ಯಾಕಪ್ ನಡೆಯುತ್ತಿದೆಯೇ, ಎಷ್ಟು ಉಳಿದಿದೆ ಎಂದು ಅಲ್ಲಿ ಕಾಣುತ್ತದೆ. ಸಂಜೆ ಅದನ್ನು ಆಫ್ ಮಾಡಿ, ಮಲಗುವಾಗ ಆನ್ ಮಾಡಿ. ಬ್ಯಾಕಪ್ ಒಳ್ಳೆಯದೇ. ಫೋನ್ ಕಳೆದುಹೋದರೆ ಮಕ್ಕಳ ಚಿತ್ರಗಳನ್ನು ಉಳಿಸುವುದು ಅದೇ. ಆದ್ದರಿಂದ ಪೂರ್ತಿ ನಿಲ್ಲಿಸಬೇಡಿ, ಹೊತ್ತು ಬದಲಿಸಿ.

2. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ನಂತರ ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೋ ಸೇರಿಸುವ ಆಯ್ಕೆಯನ್ನು ಆಫ್ ಮಾಡಿ.

3. ಮೈದುನನ ಕೆಲಸ ಅವನ ಅನ್ನದ ದಾರಿ, ಅದನ್ನು ನಿಲ್ಲಿಸಲಾಗದು. ಆದರೆ ಕಂಪ್ಯೂಟರಿನಿಂದ ಫೈಲ್ ಕಳಿಸುವ ಹಲವು ಪ್ರೋಗ್ರಾಮ್‌ಗಳಲ್ಲಿ, ಟೊರೆಂಟ್ ಪ್ರೋಗ್ರಾಮ್‌ಗಳಲ್ಲಿಯೂ, ಅಪ್‌ಲೋಡ್‌ಗೆ ಮಿತಿ ಹಾಕುವ ಅವಕಾಶವಿದೆ. ಒಟ್ಟು ದಾರಿಯ 80 ಶೇಕಡಾಕ್ಕೆ ಮಿತಿ ಹಾಕಲಿ. ನಿಮ್ಮಲ್ಲಿ ಅದು 4 ಎಂಬಿಪಿಎಸ್. 53 ನಿಮಿಷದಲ್ಲಿ ಹೋಗುತ್ತಿದ್ದ ವಿಡಿಯೋ ಈಗ ಸುಮಾರು 67 ನಿಮಿಷದಲ್ಲಿ ಹೋಗುತ್ತದೆ. 14 ನಿಮಿಷ ಹೆಚ್ಚು, ಅಷ್ಟೇ. ಉಳಿದ 1 ಎಂಬಿಪಿಎಸ್‌ನಲ್ಲಿ ಸಾಮಾನ್ಯ ವಿಡಿಯೋ ಕರೆಗೆ ಜಾಗ ಸಿಗುತ್ತದೆ. ದಾರಿ ಪೂರ್ತಿ ತುಂಬದಿದ್ದರೆ ಸಾಲು ಬೆಳೆಯುವುದೇ ಇಲ್ಲ. ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

4. ರೂಟರ್‌ನಲ್ಲಿಯೇ ಮಿತಿ ಹಾಕಬಹುದು. ರೂಟರ್‌ನ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಅಥವಾ ಅಂತಹದೇ ವಿಳಾಸ ಇರುತ್ತದೆ. ಅದನ್ನು ಬ್ರೌಸರ್‌ನಲ್ಲಿ ಬರೆದರೆ ರೂಟರ್‌ನ ಪುಟ ತೆರೆಯುತ್ತದೆ. ಅಲ್ಲಿ ‘ಕ್ಯೂಓಎಸ್’ ಅಥವಾ ‘ಬ್ಯಾಂಡ್‌ವಿಡ್ತ್ ಕಂಟ್ರೋಲ್’ ಎಂಬ ವಿಭಾಗ ಇದ್ದರೆ ಪ್ರತಿ ಯಂತ್ರಕ್ಕೂ ಮಿತಿ ನಿಗದಿಪಡಿಸಬಹುದು. ಹೊಸ ರೂಟರ್ ಕೊಳ್ಳುವುದೇ ಆದರೆ ‘ಎಸ್‌ಕ್ಯೂಎಂ’ ಇದೆಯೇ ಎಂದು ಅಂಗಡಿಯವರಲ್ಲಿ ಕೇಳಿ. ಮೇಲೆ ಹೇಳಿದ ಮದ್ದು ಆ ಹೆಸರಿನಲ್ಲಿ ಸಿಗುತ್ತದೆ.

5. ಅದೇ ಪುಟದಲ್ಲಿ ವೈಫೈಗೆ ಸೇರಿರುವ ಯಂತ್ರಗಳ ಪಟ್ಟಿ ಇರುತ್ತದೆ. ಮನೆಯಲ್ಲಿ ಏಳು ಯಂತ್ರಗಳಿದ್ದು ಪಟ್ಟಿಯಲ್ಲಿ ಹನ್ನೊಂದು ಇದ್ದರೆ ಪಾಸ್‌ವರ್ಡ್ ಹೊರಗೆ ಹೋಗಿದೆ ಎಂದರ್ಥ. ಅದನ್ನು ಬದಲಿಸಿ. ರೂಟರ್ ಪುಟದ ಪಾಸ್‌ವರ್ಡ್ ‘ಅಡ್ಮಿನ್’ ಎಂದೇ ಉಳಿದಿದ್ದರೆ ಅದನ್ನೂ ಬದಲಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ. ನೆಂಟರಿಗೆ ಬೇರೆಯೇ ‘ಗೆಸ್ಟ್’ ಸಂಪರ್ಕ ಕೊಡುವ ಅವಕಾಶ ಹಲವು ರೂಟರ್‌ಗಳಲ್ಲಿದೆ.

6. ರೂಟರನ್ನು ಕಪಾಟಿನೊಳಗೆ, ಟಿವಿಯ ಹಿಂದೆ ಇಡಬೇಡಿ. ನಮ್ಮ ಕರಾವಳಿಯ ಕೆಂಪು ಕಲ್ಲಿನ ದಪ್ಪ ಗೋಡೆಗಳನ್ನು ದಾಟುವಾಗ ವೈಫೈ ಸೊರಗುತ್ತದೆ. ರೂಟರ್ ಇರುವ ಕೋಣೆಯಲ್ಲಿ 5 ಗಿಗಾಹರ್ಟ್ಸ್, ಗೋಡೆಯಾಚೆ 2.4 ಗಿಗಾಹರ್ಟ್ಸ್ ಸಂಪರ್ಕ ಬಳಸಿ. ಮೈಕ್ರೋವೇವ್ ಒಲೆ ಉರಿಯುವಾಗ ಎರಡನೆಯದಕ್ಕೆ ತೊಂದರೆಯಾಗುತ್ತದೆ. ಮೈದುನನ ಕಂಪ್ಯೂಟರಿಗೆ ನೇರವಾಗಿ ಕೇಬಲ್ ಎಳೆದರೆ ಅವನಿಗೂ ವೇಗ, ಉಳಿದವರ ವೈಫೈಗೂ ಬಿಡುವು.

ಒಂದು ಎಚ್ಚರಿಕೆ. ರೂಟರ್ ಆಫ್ ಮಾಡಿ ಆನ್ ಮಾಡುವುದು ಬೇರೆ, ಅದರ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ‘ರೀಸೆಟ್’ ಮಾಡುವುದು ಬೇರೆ. ರೀಸೆಟ್ ಮಾಡಿದರೆ ಕಂಪೆನಿಯವರು ತುಂಬಿಸಿದ ವಿವರಗಳು ಅಳಿಸಿಹೋಗಿ, ತಂತ್ರಜ್ಞ ಮನೆಗೆ ಬರುವವರೆಗೆ ನೆಟ್ಟೇ ಇಲ್ಲದಂತಾಗಬಹುದು. ಮಕ್ಕಳ ಕೈಗೆ ಆ ಪಿನ್ ಸಿಗದಿರಲಿ.

ಕಂಪೆನಿಯವರನ್ನು ಯಾವಾಗ ಕರೆಯಬೇಕು?

ಉಳಿದೆಲ್ಲ ಯಂತ್ರಗಳನ್ನು ಆಫ್ ಮಾಡಿ, ಒಂದೇ ಯಂತ್ರವನ್ನು ರೂಟರ್‌ಗೆ ಕೇಬಲ್‌ನಿಂದ ಜೋಡಿಸಿ ಪರೀಕ್ಷಿಸಿದಾಗಲೂ ಪ್ಲಾನ್‌ನಲ್ಲಿ ಹೇಳಿದ ವೇಗದ ಅರ್ಧವೂ ಬರದಿದ್ದರೆ ಅದು ಕಂಪೆನಿಯ ಹೊಣೆ. ಬೇರೆ ಬೇರೆ ಹೊತ್ತಿನಲ್ಲಿ ಮೂರು ದಿನ ಪರೀಕ್ಷಿಸಿ, ಚಿತ್ರ ತೆಗೆದಿಟ್ಟು ದೂರು ಕೊಡಿ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿದ್ದರೆ ಬೆಳಕಿನ ತಂತಿಯಲ್ಲಿಯೇ ದೋಷವಿದೆ. ನಿಮ್ಮಿಂದ ಅದನ್ನು ಸರಿಪಡಿಸಲು ಸಾಧ್ಯವಿಲ್ಲ. ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿಸಿದ್ದಾರೆಯೇ ಎಂಬುದನ್ನೂ ಕೇಳಿ ತಿಳಿಯಿರಿ.

ಇಷ್ಟೆಲ್ಲ ಆದ ಮೇಲೂ ಜಾಗ ಸಾಲದಿದ್ದರೆ ಪ್ಲಾನ್ ಬದಲಿಸಿ. ಆದರೆ ಆಗ ಕೇಳಬೇಕಾದ ಪ್ರಶ್ನೆ “ಅಪ್‌ಲೋಡ್ ಎಷ್ಟು?” ಎಂಬುದು. ಡೌನ್‌ಲೋಡ್ 40ರಿಂದ 100ಕ್ಕೆ ಏರಿ ಅಪ್‌ಲೋಡ್ 5ರಲ್ಲಿಯೇ ಉಳಿದರೆ ನಿಮ್ಮ ಹಣ ಹೆಚ್ಚು ಹೋಗುತ್ತದೆ, ಕರೆ ಮಾತ್ರ ಹಾಗೆಯೇ ಇರುತ್ತದೆ.

ಕೊನೆಯದಾಗಿ, ಒಂದು ಸಂಪರ್ಕವನ್ನು ಏಳೆಂಟು ಜನ ಹಂಚಿಕೊಳ್ಳುವ ಮನೆಯಲ್ಲಿ ಒಂದು ಒಪ್ಪಂದ ಬೇಕು. ಕರೆ ಬರುವ ಒಂದು ಗಂಟೆ ಯಾರೂ ದೊಡ್ಡ ಫೈಲ್ ಕಳಿಸುವುದಿಲ್ಲ ಎಂದು ಎಲ್ಲರೂ ಕುಳಿತು ತೀರ್ಮಾನಿಸಿ, ರೂಟರ್ ಪಕ್ಕದ ಗೋಡೆಗೆ ಚೀಟಿ ಅಂಟಿಸಿ. ಮಗನಿಗೆ ರೂಟರ್‌ನ ಹೊಣೆಯನ್ನೇ ಕೊಡಿ. ಈ ವಿಷಯಗಳನ್ನು ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಪರೀಕ್ಷೆಯಲ್ಲಿ ಕಾರಣ ಬೇರೆ ಎಂದು ತಿಳಿದುಬಂದರೆ ಅದನ್ನು ಅತ್ತೆಯವರಿಗೆ ಅವನ ಮುಂದೆಯೇ ಹೇಳಿ. ಹುಡುಗನ ಮನಸ್ಸಿನಲ್ಲಿ ಉಳಿದಿರುವ ನೋವು ಹೋಗಲು ಅಷ್ಟು ಅಗತ್ಯ. ಅಜ್ಜಿಯ ಫೋನಿನಲ್ಲಿ ಕರೆಯ ಗುಂಡಿ ಎಲ್ಲಿದೆ ಎಂದು ಇನ್ನು ಮುಂದೆ ಅವನೇ ತೋರಿಸಿಕೊಡಲಿ.